ಐದು-ಹತ್ತರ ಮೇಜು: ಮೈಸೂರಿನಲ್ಲಿ ಸಣ್ಣ ಪಣದ ಪೋಕರ್ ಆಟ ಆರಿಸಿಕೊಂಡ ಬಗೆ

2025ರ ಆಗಸ್ಟ್ ತಿಂಗಳಿನಲ್ಲಿ, ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಸಂಸತ್ತಿನ ಒಪ್ಪಿಗೆಯೂ ರಾಷ್ಟ್ರಪತಿಗಳ ಅಂಕಿತವೂ ಒಂದೇ ವಾರದೊಳಗೆ ದೊರೆತು, ಮೊಬೈಲಿನಲ್ಲಿ ರಮ್ಮಿ, ಪೋಕರ್ ಆಡಿಸುತ್ತಿದ್ದ ಕಂಪನಿಗಳು ಹಣದ ಮೇಜುಗಳನ್ನು ಮುಚ್ಚಿದವು. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಚಿಲ್ಲರೆ ಪಣಕ್ಕೆ ಪೋಕರ್ ಆಡಿ ಮಲಗುತ್ತಿದ್ದ ನನ್ನಂಥವರಿಗೆ ಉಳಿದದ್ದು ಎರಡೇ ದಾರಿ: ಆಟ ಬಿಡುವುದು, ಇಲ್ಲವೇ ಎದುರಾಬದುರು ಕೂತು ಆಡುವ ಮೇಜೊಂದನ್ನು ಊರಿನಲ್ಲೇ ಹುಡುಕಿಕೊಳ್ಳುವುದು. ನಾನು ಎರಡನೆಯದನ್ನು ಆರಿಸಿಕೊಂಡೆ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನಾದ್ದರಿಂದ, ಮೇಜು ಆರಿಸುವ ಕೆಲಸವನ್ನೂ ಲೆಕ್ಕ ಹಾಕಿಯೇ ಮಾಡಿದೆ. ಆ ಲೆಕ್ಕ ಹೇಗೆ ನಡೆಯಿತು ಎಂಬುದನ್ನು, ಇದೇ ಹುಡುಕಾಟದಲ್ಲಿರುವವರಿಗೆ ಉಪಯೋಗವಾದೀತು ಎಂದು ಇಲ್ಲಿ ಬರೆದಿದ್ದೇನೆ.

ಇಸ್ಪೀಟು ನಮ್ಮ ಸೀಮೆಗೆ ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯಲ್ಲಿ ಗಂಜೀಫಾ ಎಲೆಗಳ ಆಟಗಳು ಬೆಳೆದವು. ಮಂಡ್ಯದ ಕಡೆ ಇಂದಿಗೂ ಯುಗಾದಿ ಬಂತೆಂದರೆ ಅರಳಿಕಟ್ಟೆಗಳ ಮೇಲೆ ಅಂದರ್-ಬಾಹರ್ ಶುರುವಾಗುತ್ತದೆ, ಅದರ ಹಿಂದೆಯೇ ಪೊಲೀಸರ ಜೀಪೂ ಬರುತ್ತದೆ. ಮೈಸೂರಿನ ರಿಕ್ರಿಯೇಷನ್ ಕ್ಲಬ್ಬುಗಳ ಕಾರ್ಡ್ಸ್ ರೂಮುಗಳಲ್ಲಿ ಮಾತ್ರ ಇಂದಿಗೂ ನಡೆಯುವುದು 13 ಎಲೆಯ ರಮ್ಮಿಯದೇ ರಾಜ್ಯಭಾರ. ಪೋಕರ್ ಮೇಜು ಎಲ್ಲೋ ಒಂದು ಮೂಲೆಯಲ್ಲಿ, ರಮ್ಮಿ ಮೇಜುಗಳ ಗದ್ದಲದ ನಡುವೆ, ಸಂಕೋಚದಿಂದ ನಡೆಯುತ್ತಿರುತ್ತದೆ. ಆ ಮೂಲೆಯನ್ನು ಹುಡುಕಿಕೊಂಡು ಹೋಗುವ ಮುನ್ನ ಕಾನೂನಿನ ಕಡೆಯಿಂದ ಒಂದಿಷ್ಟು ಓದಿಕೊಂಡೆ. ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತು ಕೌಶಲದ ಬಗ್ಗೆ ವಾದ ಮಂಡಿಸುವ ಆಸೆ ನನಗಿರಲಿಲ್ಲ.

ಕರ್ನಾಟಕ ಪೊಲೀಸ್ ಕಾಯಿದೆ, 1963ರ 79 ಮತ್ತು 80ನೇ ಕಲಮುಗಳು ಜೂಜಿನ ಅಡ್ಡೆ ನಡೆಸುವವರಿಗೂ ಅಲ್ಲಿ ಸಿಕ್ಕಿಬೀಳುವವರಿಗೂ ಶಿಕ್ಷೆ ಹೇಳುತ್ತವೆ. ಕೌಶಲದ ಆಟಕ್ಕೆ ಈ ಕಲಮುಗಳು ಅನ್ವಯಿಸುವುದಿಲ್ಲವೆಂದು 176ನೇ ಕಲಮು ಹೇಳುತ್ತದೆ. ರಮ್ಮಿಯು ಪ್ರಧಾನವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 1968ರಲ್ಲಿ, ಆಂಧ್ರಪ್ರದೇಶದ ಕ್ಲಬ್ಬೊಂದರ ಪ್ರಕರಣದಲ್ಲಿ. ಕೌಶಲದ ಆಟವಾಗಿ ಆಡುವ ಪೋಕರ್‌ಗೆ ಲೈಸೆನ್ಸ್ ಬೇಕಿಲ್ಲವೆಂದು ನಮ್ಮ ಹೈಕೋರ್ಟ್ ಹೇಳಿದ್ದು 2013ರಲ್ಲಿ. ರಾಜ್ಯ ಸರ್ಕಾರ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಅದೇ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ಇದೆಲ್ಲ ಪೋಕರಿಗೆ ಪೂರ್ತಿ ರಕ್ಷಾಕವಚವೆಂದು ತಿಳಿಯಬಾರದು, ಏಕೆಂದರೆ ಗುಜರಾತ್ ಹೈಕೋರ್ಟ್ 2017ರಲ್ಲಿ ಇದೇ ಪೋಕರನ್ನು ಜೂಜು ಎಂದು ತೀರ್ಮಾನಿಸಿದೆ. ಆದರೆ 1968ರ ತೀರ್ಪಿನ ಒಂದು ಮಾತು ಮೇಜು ಆರಿಸುವವನಿಗೆ ತುಂಬ ಮುಖ್ಯವಾದದ್ದು. ಬಿಲಿಯರ್ಡ್ಸ್, ಟೆನಿಸ್ ಆಡಲು ಶುಲ್ಕ ತೆಗೆದುಕೊಳ್ಳುವಂತೆ ಇಸ್ಪೀಟಿಗೂ ಕ್ಲಬ್ಬು ಮಿತವಾದ ಶುಲ್ಕ ಪಡೆದರೆ ಅದರಿಂದಲೇ ಕ್ಲಬ್ಬು ಜೂಜಿನ ಅಡ್ಡೆಯಾಗುವುದಿಲ್ಲ. ಆದರೆ ಪಣ ಕಟ್ಟಿದ ಆಟದಿಂದಲೇ ಕ್ಲಬ್ಬು ಲಾಭ ಮಾಡಿಕೊಳ್ಳುತ್ತಿದ್ದರೆ ಅಪರಾಧವಾಗಬಹುದು ಎಂದು ನ್ಯಾಯಾಲಯ ಹೇಳಿದೆ.

ಈ ಮಾತು ನನ್ನ ಮೊದಲ ಜರಡಿಯಾಯಿತು. ನಾನು ಮೊದಲು ನೋಡಿದ್ದು ರಿಂಗ್ ರೋಡಿನ ಆಚೆ, ಹೊಸ ಬಡಾವಣೆಯೊಂದರ ವಾಣಿಜ್ಯ ಕಟ್ಟಡದ ಮಹಡಿಯ ಮೇಲಿದ್ದ ಕೋಣೆ. ಏಸಿ, ಮೆತ್ತನೆಯ ಕುರ್ಚಿ, ಹಸಿರು ಬಟ್ಟೆ ಹೊದಿಸಿದ ಅಂಡಾಕಾರದ ಮೇಜು, ಎಲೆ ಹಂಚಲು ಸಂಬಳದ ಹುಡುಗ, ಎಲ್ಲವೂ ಸಿನಿಮಾದಲ್ಲಿ ಕಂಡಂತೆಯೇ ಇದ್ದವು. ಪ್ರತಿ ಕೈ (ಎಲೆ ಹಂಚಿ ಆಡುವ ಒಂದು ಆಟ) ಮುಗಿದಾಗಲೂ ಆ ಹುಡುಗ ಪಾಟ್‌ನಿಂದ (ಆ ಕೈಗೆ ಎಲ್ಲರೂ ಇಟ್ಟ ಪಣದ ರಾಶಿಯಿಂದ) ಶೇ 5ರಷ್ಟು ಚಿಪ್ಸನ್ನು, ಅಂದರೆ ಹಣದ ಬದಲು ಬಳಸುವ ಬಿಲ್ಲೆಗಳನ್ನು, ಕೋಣೆಯವರ ಪಾಲಾಗಿ ಮೇಜಿನ ತೂತಿಗೆ ತಳ್ಳುತ್ತಿದ್ದ. ಸದಸ್ಯತ್ವ ಪಡೆಯುವ ಕ್ರಮವೇನು, ಶುಲ್ಕಕ್ಕೆ ರಸೀದಿ ಕೊಡುತ್ತೀರಾ ಎಂದು ಕೇಳಿದಾಗ, ಕೌಂಟರಿನವರು ನಗುತ್ತಾ, 'ಅದೆಲ್ಲಾ ಯಾಕ್ ಸಾರ್, ಆರಾಮಾಗಿ ಆಡಿ' ಎಂದರು. ಎರಡನೆಯದು ಊರೊಳಗಿನ ಹಳೆಯ ಕ್ಲಬ್ಬು. ಅಲ್ಲಿ ಸದಸ್ಯತ್ವದ ಕಾರ್ಡು ತೋರಿಸದೆ ಕಾರ್ಡ್ಸ್ ರೂಮಿನ ಬಾಗಿಲು ದಾಟುವಂತಿಲ್ಲ. ಜೊತೆಗೆ ಬರುವ ಅತಿಥಿಯ ಹೆಸರನ್ನು ಪುಸ್ತಕದಲ್ಲಿ ಬರೆದು, ಕರೆತಂದ ಸದಸ್ಯ ಸಹಿ ಹಾಕಬೇಕು. ಮೂಲೆಮೂಲೆಗೂ ಕ್ಯಾಮೆರಾ ಇದೆ. ಕುರ್ಚಿಗಳು ಗಡಸು, ಏಸಿ ಇಲ್ಲ, ಫ್ಯಾನಿನ ಗಾಳಿಗೆ ಎಲೆ ಹಾರದಂತೆ ಹೆಬ್ಬೆರಳು ಒತ್ತಿ ಹಿಡಿಯಬೇಕು. ಆದರೆ ಅಲ್ಲಿ ಪಾಟ್‌ನಿಂದ ಒಂದು ಪೈಸೆಯನ್ನೂ ತೆಗೆಯುವುದಿಲ್ಲ. ಕೂತವರು ತಲೆಗೆ ಗಂಟೆಗೆ 30 ರೂಪಾಯಿ ಕೊಡಬೇಕು, ಅದಕ್ಕೆ ರಸೀದಿ ಹರಿದು ಕೊಡುತ್ತಾರೆ.

ಎರಡಕ್ಕೂ ಇರುವ ವ್ಯತ್ಯಾಸವನ್ನು ಅಂಕಿಗಳಲ್ಲಿ ನೋಡಬೇಕು. ಎದುರಾಬದುರು ಕೂತು ಆಡುವಾಗ ಗಂಟೆಗೆ ಸುಮಾರು 25 ಕೈ ಆಡಬಹುದು. ಎರಡು ಕಡೆಯೂ ಚಿಕ್ಕ ಬ್ಲೈಂಡ್ 5 ರೂಪಾಯಿ, ದೊಡ್ಡ ಬ್ಲೈಂಡ್ 10 ರೂಪಾಯಿ. ಬ್ಲೈಂಡ್ ಎಂದರೆ ಎಲೆ ನೋಡುವ ಮೊದಲೇ ಇಬ್ಬರು ಸರದಿಯಂತೆ ಹಾಕಲೇಬೇಕಾದ ಪಣ; ಐದು-ಹತ್ತರ ಮೇಜೆಂಬ ಹೆಸರು ಅದರಿಂದಲೇ. ನಾನು ಕಂಡಂತೆ ಅಂಥ ಮೇಜಿನಲ್ಲಿ ಪಾಟ್ ಹೆಚ್ಚುಕಡಿಮೆ 300 ರೂಪಾಯಿಯ ಸುತ್ತ ನಿಲ್ಲುತ್ತದೆ. ಶೇ 5 ಎಂದರೆ ಕೈಗೆ 15 ರೂಪಾಯಿ, ಗಂಟೆಗೆ 375 ರೂಪಾಯಿ. ಏಳು ಜನ ಕೂತಿದ್ದರೆ ತಲೆಗೆ ಗಂಟೆಗೆ 54 ರೂಪಾಯಿ, ಅಂದರೆ ಐದಕ್ಕಿಂತ ಹೆಚ್ಚು ದೊಡ್ಡ ಬ್ಲೈಂಡ್. ಚೆನ್ನಾಗಿ ಆಡುವವನೂ ಗಂಟೆಗೆ ಐದು ದೊಡ್ಡ ಬ್ಲೈಂಡ್ ಗೆದ್ದರೆ ಅದು ಒಳ್ಳೆಯ ಆಟವೇ. ಅಂಥವನ ಗೆಲುವನ್ನೆಲ್ಲ ಮೇಜಿನ ತೂತೇ ನುಂಗಿಹಾಕುತ್ತದೆ. ವಾರಕ್ಕೆರಡು ಸಂಜೆ, ಸಂಜೆಗೆ ಮೂರು ಗಂಟೆ ಆಡುವವನಿಗೆ ತಿಂಗಳಿಗೆ ಮಹಡಿಯ ಮೇಲಿನ ಕೋಣೆಯಲ್ಲಿ ಸುಮಾರು 1,300 ರೂಪಾಯಿ ಶುಲ್ಕವೇ ಆಗುತ್ತದೆ. ಹಳೆಯ ಕ್ಲಬ್ಬಿನಲ್ಲಿ 720. ಪಣ ಸಣ್ಣದಾದಷ್ಟೂ ಈ ಖರ್ಚಿನ ಹೊರೆ ದೊಡ್ಡದಾಗುತ್ತದೆ ಎಂಬುದು ಸಣ್ಣ ಮೇಜಿನವರು ಸಾಮಾನ್ಯವಾಗಿ ಗಮನಿಸದ ಸಂಗತಿ. ಪಾಟ್‌ನಿಂದ ಹೋಗುವ ಚಿಪ್ಸು ಗೆದ್ದವನ ಖುಷಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ, ಜೇಬಿನಿಂದ ಎಣಿಸಿ ಕೊಡುವ 30 ರೂಪಾಯಿ ಮಾತ್ರ ಎಲ್ಲರಿಗೂ ಚುಚ್ಚುತ್ತದೆ. ಕಾನೂನಿನ ದೃಷ್ಟಿಯಿಂದ ಯಾವುದು ಕ್ಷೇಮವೋ ಲೆಕ್ಕದ ದೃಷ್ಟಿಯಿಂದಲೂ ಅದೇ ಅಗ್ಗವಾಗಿದ್ದರಿಂದ, ಕೋಣೆಯನ್ನು ಆರಿಸಲು ನಾನು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ.

ಕೋಣೆ ತೀರ್ಮಾನವಾದ ಮೇಲೆ ಮೇಜಿನ ಪ್ರಶ್ನೆ. ನಾನು ನೋಡುವಾಗ ಕ್ಲಬ್ಬಿನಲ್ಲಿ ಪೋಕರಿನ ಮೂರು ಬಗೆಯ ಆಟ ನಡೆಯುತ್ತಿದ್ದವು: ವಾರದ ದಿನಗಳ ಸಂಜೆ ಹಿರಿಯರ ಐದು-ಹತ್ತರ ಹೋಲ್ಡೆಮ್ (ಕೈಗೆ ಎರಡು ಎಲೆ ಕೊಟ್ಟು, ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮೊದಲು ಮೂರು, ಆಮೇಲೆ ಒಂದೊಂದಾಗಿ ಮೇಜಿನ ಮೇಲೆ ಬಿಚ್ಚುವ ಪೋಕರ್), ಶನಿವಾರ ಸಾಫ್ಟ್‌ವೇರ್ ಹುಡುಗರ ಹತ್ತು-ಇಪ್ಪತ್ತರ ಹೋಲ್ಡೆಮ್, ಆಗೊಮ್ಮೆ ಈಗೊಮ್ಮೆ ಜನ ಸೇರಿದಾಗ ಐದು-ಹತ್ತರ ಒಮಾಹಾ. ಬೋರ್ಡಿನ ಮೇಲೆ ಬರೆದ ಅಂಕಿಗಳನ್ನು ನೋಡಿದರೆ ಮೊದಲನೆಯದೂ ಮೂರನೆಯದೂ ಒಂದೇ, ಎರಡನೆಯದು ಅವುಗಳ ಇಮ್ಮಡಿ. ವಾಸ್ತವ ಹಾಗಿರಲಿಲ್ಲ. ಕೂರುವ ಮುನ್ನ ಒಂದು ಸಂಜೆಯಾದರೂ ಸುಮ್ಮನೆ ಕುರ್ಚಿ ಹಾಕಿಕೊಂಡು ಪ್ರತಿಯೊಬ್ಬರ ಮುಂದೆ ಎಷ್ಟು ಚಿಪ್ಸ್ ಇದೆ, ಮೂರು ಎಲೆ ಬಿಚ್ಚುವ ಮೊದಲೇ ಪಾಟ್ ಎಷ್ಟಾಗುತ್ತದೆ, ಸೋತವನು ಎಷ್ಟು ಸಲ ಮತ್ತೆ ಚಿಪ್ಸ್ ಕೊಳ್ಳುತ್ತಾನೆ ಎಂಬುದನ್ನು ನೋಡಬೇಕು. ಮೇಜಿನ ನಿಜವಾದ ಪಣ ಗೊತ್ತಾಗುವುದು ಅಲ್ಲಿ.

ಶನಿವಾರದ ಮೇಜನ್ನು ಹಾಗೆ ನೋಡಿದೆ. ಬ್ಲೈಂಡು ಹತ್ತು-ಇಪ್ಪತ್ತು ಎಂದಿದ್ದರೂ, ಬ್ಲೈಂಡಿನ ಪಕ್ಕದವನು ಎಲೆ ನೋಡುವ ಮೊದಲೇ 40 ರೂಪಾಯಿ ಸ್ಟ್ರಾಡಲ್, ಅಂದರೆ ದೊಡ್ಡ ಬ್ಲೈಂಡಿನ ಇಮ್ಮಡಿ ಪಣ, ಹಾಕುವುದು ಅಲ್ಲಿ ಹೆಚ್ಚುಕಡಿಮೆ ಕಡ್ಡಾಯದ ಪದ್ಧತಿ. ಉತ್ಸಾಹ ಏರಿದಾಗ ಅವನ ಪಕ್ಕದವನು 80 ಹಾಕುತ್ತಾನೆ. 2,000 ರೂಪಾಯಿಗೆ ಕೂರಬಹುದೆಂದು ಬೋರ್ಡು ಹೇಳುತ್ತದೆ, ಆದರೆ ರಾತ್ರಿ ಎಂಟರ ಹೊತ್ತಿಗೆ ಕೆಲವರ ಮುಂದೆ 15,000 ರೂಪಾಯಿಯ ಚಿಪ್ಸಿನ ಗೋಪುರ ಎದ್ದಿರುತ್ತದೆ. ಎರಡು ಸಾವಿರ ಇಟ್ಟುಕೊಂಡು ಕೂತವನು 80ರ ಸ್ಟ್ರಾಡಲಿನ ಮುಂದೆ ಇಪ್ಪತ್ತೈದು ಪಟ್ಟು ಮಾತ್ರ ಇಟ್ಟುಕೊಂಡಂತಾಯಿತು; ಒಂದು ರೈಸ್ (ಪಣದ ಏರಿಕೆ) ನೋಡುವಷ್ಟರಲ್ಲಿ ಅವನ ಸಂಜೆ ಮುಗಿಯುತ್ತದೆ. ಹುಡುಗರು ಒಳ್ಳೆಯವರೇ, ಬಾಯಿ ತುಂಬ 'ಅಂಕಲ್' ಎನ್ನುತ್ತಾರೆ, ಆಟವನ್ನೂ ಓದಿಕೊಂಡಿದ್ದಾರೆ. ನನ್ನ ಗಮನ ಸೆಳೆದದ್ದು ಮಾತ್ರ ಬೇರೆ. ಪ್ರತಿಯೊಬ್ಬನ ಚಿಪ್ಸಿನ ಪಕ್ಕದಲ್ಲೂ ಮೊಬೈಲ್ ಮುಖ ಮೇಲಾಗಿ ಬಿದ್ದಿತ್ತು. ಮೇಜಿನ ನಡುವೆ, ಹೋಟೆಲಿನ ಗಲ್ಲಾದ ಮೇಲಿರುವಂಥದೇ ಒಂದು ಅಕ್ರಿಲಿಕ್ ಫಲಕದಲ್ಲಿ ಕ್ಯೂಆರ್ ಕೋಡ್ ನಿಲ್ಲಿಸಿದ್ದರು. ಸೋತವನು ಕುರ್ಚಿಯಿಂದ ಏಳುವುದಿಲ್ಲ, ಎಲೆ ಕಲಸುತ್ತಿರುವಾಗಲೇ ಸ್ಕ್ಯಾನ್ ಮಾಡುತ್ತಾನೆ, 'ಟಿಂಗ್' ಎಂಬ ಸದ್ದಾಗುತ್ತದೆ, ಮುಂದಿನ ಕೈಗೆ ಅವನ ಮುಂದೆ ಮತ್ತೆ ಮೂರು ಸಾವಿರದ ಚಿಪ್ಸ್. ಹಿರಿಯರ ಮೇಜಿನಲ್ಲಿ ಚಿಪ್ಸಿಗೆ ನಗದು ಮಾತ್ರ. ಸೋತವನು ಎದ್ದು, ಚಪ್ಪಲಿ ಮೆಟ್ಟಿ, ವರಾಂಡದ ಕೊನೆಯ ಕೌಂಟರಿಗೆ ನಡೆದು, ನೋಟು ಎಣಿಸಿ ಕೊಟ್ಟು ಬರಬೇಕು. ಆ ನಡಿಗೆಯಲ್ಲಿ ಎಷ್ಟೋ ಜನ ಕೌಂಟರಿಗೆ ಹೋಗುವ ಬದಲು ಕ್ಯಾಂಟೀನಿನ ಕಡೆಗೆ ತಿರುಗಿ, ಕಾಫಿ ಕುಡಿದು ಮನೆಗೆ ಹೋದದ್ದನ್ನು ನೋಡಿದ್ದೇನೆ. ಯಾವ ನಿಯಮವನ್ನು ಬೇಕಾದರೂ ಸಡಿಲಿಸಲಿ, ಈ ನಗದಿನ ನಿಯಮವನ್ನು ಮುಟ್ಟಬಾರದೆಂಬುದು ನನ್ನ ಅಭಿಪ್ರಾಯ.

ಒಮಾಹಾ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎರಡರ ಬದಲು ನಾಲ್ಕು ಎಲೆ ಕೊಡುತ್ತಾರೆ, ಅವುಗಳಲ್ಲಿ ಸರಿಯಾಗಿ ಎರಡನ್ನು ಮಾತ್ರ ಬಳಸಬೇಕು. ನಾಲ್ಕು ಎಲೆಯಲ್ಲಿ ಆರು ಜೋಡಿಗಳು ಅಡಗಿರುವುದರಿಂದ ಎಲ್ಲರಿಗೂ ಏನಾದರೊಂದು ಆಸೆ ಹುಟ್ಟುತ್ತದೆ, ಯಾರೂ ಎಲೆ ಕೆಳಗಿಡುವುದಿಲ್ಲ, ಪಾಟ್ ಉಬ್ಬುತ್ತದೆ. ಬ್ಲೈಂಡು ಐದು-ಹತ್ತೇ ಇದ್ದರೂ ಜೇಬಿನ ಮೇಲೆ ಬೀಳುವ ಹೊಡೆತ ಹತ್ತು-ಇಪ್ಪತ್ತರ ಹೋಲ್ಡೆಮ್‌ಗಿಂತ ಕಡಿಮೆಯದಲ್ಲ. ಅದನ್ನು ಬಿಟ್ಟೆ. ಪರಿಚಿತರೊಬ್ಬರ ಮನೆಯಲ್ಲಿ ನಡೆಯುವ ಆಟಕ್ಕೂ ಕರೆ ಬಂದಿತ್ತು. ಅಲ್ಲಿ ನಡುನಡುವೆ ತೀನ್‌ಪತ್ತಿ, ಅಂದರ್-ಬಾಹರ್ ಬೆರೆಸುತ್ತಾರೆಂದು ತಿಳಿದು ಅದನ್ನೂ ಬಿಟ್ಟೆ.

ಉಳಿದದ್ದು ಹಿರಿಯರ ಮೇಜು. ಅಲ್ಲಿ ಕೂರುವವರಲ್ಲಿ ನಿವೃತ್ತ ಬ್ಯಾಂಕ್ ನೌಕರರು, ಮೇಷ್ಟರು, ಒಬ್ಬಿಬ್ಬರು ಅಂಗಡಿ ಮಾಲೀಕರು ಇದ್ದಾರೆ. ಬಹುತೇಕ ಎಲ್ಲರೂ ರಮ್ಮಿಯಿಂದ ಬಂದವರು. ನಾನು ಪಕ್ಕದಲ್ಲಿ ಕೂತು ನೋಡಿದ ಒಂದು ಕೈ ಆ ಮೇಜಿನ ಸ್ವಭಾವವನ್ನೆಲ್ಲ ಹೇಳಿಬಿಟ್ಟಿತು. ಮೇಷ್ಟರ ಕೈಯಲ್ಲಿ ಇದ್ದದ್ದು ಕಳಾವರ್ ರಾಜ ಮತ್ತು ಡೈಮಂಡ್ ರಾಜ. ಅವರು 40ಕ್ಕೆ ಏರಿಸಿದರು. ಬ್ಲೈಂಡಿನವರೂ ಸೇರಿ ನಾಲ್ವರು ಕಾಲ್ ಮಾಡಿದರು, ಅಂದರೆ ಅಷ್ಟೇ ಹಣ ಹಾಕಿ ಆಟದಲ್ಲುಳಿದರು. ಪಾಟ್ 200. ಬಿಚ್ಚಿದ ಮೂರು ಎಲೆ: ಆಟೀನ್ ರಾಣಿ, ಆಟೀನ್ ಏಳು, ಕಳಾವರ್ ಮೂರು. ಮೇಷ್ಟರು ಬರೀ 50 ಇಟ್ಟರು. ಪಕ್ಕದ ಬ್ಯಾಂಕಿನವರ ಕೈಯಲ್ಲಿ ಎರಡು ಆಟೀನ್ ಇದ್ದವು. ಅವರಿಗೆ ಕಾಣದ 47 ಎಲೆಗಳಲ್ಲಿ ಒಂಬತ್ತು ಆಟೀನ್ ಉಳಿದಿರುವುದರಿಂದ ಮುಂದಿನ ಎಲೆಗೇ ಫ್ಲಶ್ (ಒಂದೇ ಜಾತಿಯ ಐದು ಎಲೆ, ಜೋಡಿ ರಾಜನಿಗಿಂತ ಮೇಲು) ಆಗುವ ಸಾಧ್ಯತೆ ಶೇ 19. 250 ಗೆಲ್ಲಲು 50 ಕೊಡುವುದಕ್ಕೆ ಶೇ 17ರಷ್ಟು ಸಾಧ್ಯತೆ ಇದ್ದರೆ ಸಾಕು. ಹಾಗಾಗಿ ಅವರು ಕಾಲ್ ಮಾಡಿದ್ದು ಸರಿಯಾಗಿಯೇ ಇತ್ತು. ಮೇಷ್ಟರು 150 ಇಟ್ಟಿದ್ದರೆ ಶೇ 30ರಷ್ಟು ಸಾಧ್ಯತೆ ಬೇಕಾಗುತ್ತಿತ್ತು, ಆಗ ಕಾಲ್ ಮಾಡುವುದು ನಷ್ಟದ ವ್ಯಾಪಾರವಾಗುತ್ತಿತ್ತು. ನಾಲ್ಕನೆಯ ಎಲೆ ಆಟೀನ್ ಒಂಬತ್ತು ಬಿತ್ತು. ಬ್ಯಾಂಕಿನವರು ಎರಡು ಸಲ ಏರಿಸಿದರೂ ಮೇಷ್ಟರು ಕೊನೆಯವರೆಗೆ ಹಣ ಹಾಕಿ, ಫ್ಲಶ್ ಕಣ್ಣಾರೆ ಕಂಡ ಮೇಲೆ, ನನ್ನ ಕಡೆ ತಿರುಗಿ, 'ಎರಡು ರಾಜ ಕೈಯಲ್ಲಿಟ್ಕೊಂಡು ಬಿಡೋದು ಹೆಂಗೆ ಹೇಳಿ ಸಾರ್?' ಎಂದರು.

ರಮ್ಮಿಯಲ್ಲಿ ಎಲೆ ನೋಡಿದ ಕೂಡಲೇ ಡ್ರಾಪ್ ಮಾಡಿದರೂ 20 ಪಾಯಿಂಟ್ ಹೋಗುತ್ತದೆ, ನಡುವೆ ಬಿಟ್ಟರೆ 40. ಪೋಕರಿನಲ್ಲಿ ಬ್ಲೈಂಡ್ ಹಾಕಿರದಿದ್ದರೆ ಎಲೆ ಕೆಳಗಿಟ್ಟವನಿಗೆ ಒಂದು ರೂಪಾಯಿಯೂ ಹೋಗುವುದಿಲ್ಲ. ಡ್ರಾಪ್‌ಗೆ ದಂಡ ತೆತ್ತು ಅಭ್ಯಾಸವಾದ ಈ ಹಿರಿಯರು ಪುಕ್ಕಟೆಯ ಡ್ರಾಪನ್ನು ಮಾತ್ರ ಬಳಸಿಕೊಳ್ಳುವುದಿಲ್ಲವೆಂಬುದು ನನಗೆ ಇಂದಿಗೂ ಸೋಜಿಗ. ಅಂಥ ಮೇಜಿನಲ್ಲಿ ಸುಳ್ಳು ಬೆದರಿಕೆಯ ಆಟ ನಡೆಯುವುದಿಲ್ಲ, ಏಕೆಂದರೆ ಬೆದರುವವರೇ ಇಲ್ಲ. ಒಳ್ಳೆಯ ಎಲೆ ಬರುವವರೆಗೆ ಸುಮ್ಮನಿದ್ದು, ಬಂದಾಗ ಸಂಕೋಚವಿಲ್ಲದೆ ದೊಡ್ಡದಾಗಿ ಇಡುವವನಿಗೆ ಮಾತ್ರ ಅದು ಒಗ್ಗುತ್ತದೆ. ಸಂಜೆಗೆ ಮೂರು ಗಂಟೆ ಎಂದರೆ 75 ಕೈ. ಜೋಡಿ ಎಕ್ಕ ಬರುವುದು ಸರಾಸರಿ 221 ಕೈಗೆ ಒಂದು ಸಲ. ಕೈಯಲ್ಲಿ ಜೋಡಿ ಇದ್ದಾಗಲೂ ಮೊದಲ ಮೂರು ಎಲೆಯಲ್ಲಿ ಅದೇ ಅಂಕಿಯ ಮೂರನೆಯದು ಸಿಗುವುದು ಸುಮಾರು ಎಂಟೂವರೆ ಕೈಗೆ ಒಂದು ಸಲ. ಹೀಗಾಗಿ ಇಡೀ ಸಂಜೆ ಎಲೆ ಕೆಳಗಿಡುವುದೇ ಕೆಲಸವಾಗಬಹುದು. ಮೊಬೈಲಿನಲ್ಲಿ ಅಷ್ಟೇ ಹೊತ್ತಿನಲ್ಲಿ ಅದರ ಎಷ್ಟೋ ಪಟ್ಟು ಕೈ ಆಡಿ ಅಭ್ಯಾಸವಾದವರಿಗೆ ಈ ನಿಧಾನ ಬೇಸರ ತರಿಸುತ್ತದೆ. ನನಗೆ ಅದು ಹಿಡಿಸಿತು. ಪಕ್ಕದವರ ಮಗಳ ಮದುವೆಯ ಮಾತು, ಸರಸ್ವತಿಪುರಂನಲ್ಲಿ ಸೈಟಿನ ಬೆಲೆ, ಕೆಆರ್‌ಎಸ್ ನೀರಿನ ಮಟ್ಟ, ಇವುಗಳ ನಡುವೆ ಎಲೆ ಕೆಳಗಿಡುತ್ತಾ ಕೂರುವುದು ಕಷ್ಟವೆನಿಸಲಿಲ್ಲ.

ಹಣದ ಮಿತಿಯನ್ನು ಕೂರುವ ಮೊದಲೇ ಗೊತ್ತುಮಾಡಿಕೊಂಡೆ. ಐದು-ಹತ್ತರ ಮೇಜಿಗೆ ನೂರು ದೊಡ್ಡ ಬ್ಲೈಂಡ್ ಎಂದರೆ 1,000 ರೂಪಾಯಿ; ತಿಂಗಳಿಗೆ ಅಂಥ ನಾಲ್ಕು, ಅಂದರೆ 4,000 ರೂಪಾಯಿಯನ್ನು ಬೇರೆ ಪರ್ಸಿನಲ್ಲಿ ಎತ್ತಿಡುತ್ತೇನೆ. ಅದು ಖಾಲಿಯಾದರೆ ಮುಂದಿನ ಸಂಬಳದವರೆಗೆ ರಮ್ಮಿ ಮೇಜಿನ ಪಕ್ಕ ಕೂತು ಪೇಪರ್ ಓದುವುದು. ಗೆದ್ದ ಹಣದ ಬಗ್ಗೆ ಕನಸು ಕಾಣುವವರಿಗೆ ವೃತ್ತಿಯ ಅಭ್ಯಾಸದಿಂದ ಒಂದು ಮಾತು ಹೇಳುತ್ತೇನೆ: ಇಸ್ಪೀಟಿನ ಗೆಲುವಿಗೆ ಆದಾಯ ತೆರಿಗೆಯ ದರ ಶೇ 30, ಸೋತದ್ದನ್ನು ಅದರಲ್ಲಿ ಕಳೆದು ತೋರಿಸಲು ಅವಕಾಶವಿಲ್ಲ. ಒಂದು ಸಂಜೆ ಸಾವಿರ ಗೆದ್ದು ಮರುದಿನ ಸಾವಿರ ಸೋತವನು ನಮ್ಮ ಲೆಕ್ಕದಲ್ಲಿ ಸರಿಸಮ, ಇಲಾಖೆಯ ಲೆಕ್ಕದಲ್ಲಿ ಸಾವಿರ ಗೆದ್ದವನು.

ಜನರನ್ನು ನೋಡಿ ಆರಿಸುವುದು ಅಂಕಿಗಳಿಗಿಂತ ನಾಜೂಕಿನ ಕೆಲಸ. ಮೇಜಿನಲ್ಲಿ ಸಾಲ ಓಡಾಡುತ್ತದೆಯೇ ಎಂಬುದನ್ನು ನಾನು ಎಲ್ಲಕ್ಕಿಂತ ಮೊದಲು ಗಮನಿಸುತ್ತೇನೆ. 'ಒಂದು ಐನೂರು ತಳ್ಳಿ ಗುರುಗಳೇ, ನಾಳೆ ಕೊಡ್ತೀನಿ' ಎಂಬ ಮಾತು ಒಂದು ಸಲ ಕೇಳಿಬಂದರೆ ಆ ಮೇಜಿನ ಪಣ ಎಷ್ಟೆಂದು ಯಾರೂ ಹೇಳಲಾರರು, ಬೋರ್ಡಿನ ಮೇಲಿನ ಅಂಕಿ ಅಲ್ಲಿಗೆ ಮುಗಿಯಿತು. ಹಿರಿಯರ ಮೇಜಿನಲ್ಲಿ ಇದಕ್ಕೆ ಅವಕಾಶ ಕೊಡದಿರುವುದು ನಿಯಮದಿಂದಲ್ಲ, ನಾಚಿಕೆಯಿಂದ; ಎಲ್ಲರೂ ಒಂದೇ ಬಡಾವಣೆಯವರು, ಬೆಳಿಗ್ಗೆ ನಂದಿನಿ ಬೂತಿನ ಮುಂದೆ ಮತ್ತೆ ಮುಖ ನೋಡಬೇಕು. ಕಷ್ಟದಲ್ಲಿರುವವರು, ಸೋಲನ್ನು ತಡೆದುಕೊಳ್ಳಲಾರದವರು ಮೇಜಿನಲ್ಲಿದ್ದರೆ ಅವರಿಂದ ಗೆದ್ದ ಹಣ ಜೇಬಿನಲ್ಲಿ ನಿಲ್ಲುವುದಿಲ್ಲ. ಅಂಥ ಸಂಜೆ ಎದ್ದು ಹೋಗುವುದೇ ಮರ್ಯಾದೆ.

ನಮ್ಮ ಮನೆಯವರು ಈ ವಿಷಯದಲ್ಲಿ ಕೇಳಿದ ಪ್ರಶ್ನೆ ಒಂದೇ: 'ಎಷ್ಟು ಹೊತ್ತಿಗೆ ಬರ್ತೀರಿ?' ಅದು ಮೇಜು ಆರಿಸಲು ಬೇಕಾದ ಪ್ರಶ್ನೆಯೂ ಹೌದೆಂದು ಬರಬರುತ್ತಾ ತಿಳಿಯಿತು. ಕ್ಲಬ್ಬಿನಲ್ಲಿ ಹತ್ತಕ್ಕೆ ಬಾಗಿಲು ಹಾಕುತ್ತಾರೆ, ಒಂಬತ್ತೂವರೆಗೆ ಕೊನೆಯ ಸುತ್ತೆಂದು ಮ್ಯಾನೇಜರ್ ಕೂಗುತ್ತಾರೆ. ಆ ಕೊನೆಯ ಗಂಟೆಯಲ್ಲಿ ಸಣ್ಣ ಮೇಜೂ ಸಣ್ಣದಾಗಿ ಉಳಿಯುವುದಿಲ್ಲ. ಸೋತವರು ಹೋದದ್ದನ್ನು ಒಟ್ಟಿಗೆ ಎಳೆದುಕೊಳ್ಳಲು ನೋಡುತ್ತಾರೆ, ಸಂಜೆಯಲ್ಲಿ 40ಕ್ಕೆ ಏರಿಸುತ್ತಿದ್ದವರು 150ಕ್ಕೆ ಏರಿಸುತ್ತಾರೆ. ಚುರುಕಾಗಿ ಆಡುವವನಿಗೆ ಅದೇ ಸುಗ್ಗಿಯ ಹೊತ್ತೆಂದು ಶನಿವಾರದ ಹುಡುಗನೊಬ್ಬ ನನಗೆ ಹೇಳಿದ, ಅವನ ಮಾತು ಲೆಕ್ಕದಲ್ಲಿ ನಿಜವೂ ಹೌದು. ನಾನು ಆರಕ್ಕೆ ಕೂತು ಒಂಬತ್ತಕ್ಕೆ ಏಳುತ್ತೇನೆ.

ಈಗ ಈ ಮೇಜಿನಲ್ಲೂ ಶನಿವಾರದಂತೆ ಸ್ಟ್ರಾಡಲಿಗೆ ಅವಕಾಶ ಕೊಡಬೇಕು, ಚಿಪ್ಸ್ ಕೊಳ್ಳುವ ಮಿತಿಯನ್ನು 1,000ದಿಂದ 3,000ಕ್ಕೆ ಏರಿಸಬೇಕು ಎಂದು ಕೆಲವರು ಕಾರ್ಯದರ್ಶಿಗೆ ಅರ್ಜಿ ಕೊಟ್ಟಿದ್ದಾರೆ. ಬೇಡವೆಂದು ನಾನೂ ಮೇಷ್ಟರೂ ಸಹಿ ಹಾಕಿ ಇನ್ನೊಂದು ಅರ್ಜಿ ಕೊಟ್ಟಿದ್ದೇವೆ. ಅವರ ಅರ್ಜಿ ಗೆದ್ದರೆ ಬೋರ್ಡಿನ ಮೇಲೆ ಐದು-ಹತ್ತು ಎಂದೇ ಇರುತ್ತದೆ, ಆಟ ಮಾತ್ರ ಬೇರೆಯದಾಗಿರುತ್ತದೆ. ಆಗ ನಾನು ಪಕ್ಕದ ರಮ್ಮಿ ಮೇಜಿಗೆ ಹೋಗುವವನು. ಅಲ್ಲಿ ಪಾಯಿಂಟಿಗೆ 50 ಪೈಸೆ, 80 ಪಾಯಿಂಟಿನ ಫುಲ್ ಕೌಂಟ್, ಅಂದರೆ ಒಂದು ಆಟದ ಅತಿ ದೊಡ್ಡ ಸೋಲು, ಆದರೂ 40 ರೂಪಾಯಿ.